ಸೊನ್ನೆ ಬಿಟ್ಟುಹೋಗಿಲ್ಲ

ಭದ್ರಾವತಿಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಅಜೋವ್ ಸಮುದ್ರದ ಅತಿ ಹೆಚ್ಚಿನ ಆಳ 14 ಮೀಟರ್ ಎಂದು ಹಾಕಿದ್ದೀರಿ. 140 ಇರಬೇಕು, ಸೊನ್ನೆ ಬಿಟ್ಟುಹೋಗಿದೆ. ಇನ್ನು ಒಂದೆರಡು ಉಕ್ಕಿನ ಕಾರ್ಖಾನೆಗಳಿಂದ ಸಮುದ್ರವೇ ಕೆಟ್ಟಿತು ಎಂಬುದು ಅತಿಯಾಯಿತು. ಹಳ್ಳ ಕೆಡಬಹುದು, ಹೊಳೆ ಕೆಡಬಹುದು. ಸಮುದ್ರಕ್ಕೆ ಬಿದ್ದದ್ದು ಕರಗಿ ಹೋಗುತ್ತದೆ."

ಸಂಪಾದಕರ ಉತ್ತರ:

ಉಕ್ರೇನ್ ಮತ್ತು ರಷ್ಯಾ ನಡುವೆ, ಕಪ್ಪು ಸಮುದ್ರದ ಉತ್ತರಕ್ಕೆ ಅಂಟಿಕೊಂಡಿರುವ ಈ ಸಮುದ್ರಕ್ಕೆ 14 ಮೀಟರ್ ಸರಿಯಾಗಿಯೇ ಇದೆ. ಅಡಿ ಲೆಕ್ಕದಲ್ಲಿ 46. ಅದೂ ಅತಿ ಆಳದ ಜಾಗದಲ್ಲಿ. ಸರಾಸರಿ ತೆಗೆದರೆ ಏಳು ಮೀಟರ್. ಕನ್ನಂಬಾಡಿ ತುಂಬಿದ ದಿನ ಪೇಪರಿನಲ್ಲಿ 124.80 ಅಡಿ ಎಂದು ಬರುತ್ತದಲ್ಲ, ಅದರ ಮುಂದೆ ಇದು ಏನೂ ಅಲ್ಲ. ಹರವು ಮಾತ್ರ ಸಮುದ್ರದ್ದೇ: ಸುಮಾರು 39 ಸಾವಿರ ಚದರ ಕಿ.ಮೀ., ಕರ್ನಾಟಕದ ಐದರಲ್ಲೊಂದು ಪಾಲು. ಹರಿವಾಣಕ್ಕೆ ನೀರು ಹೊಯ್ದಂತೆ. ಹಿಂದಿನ ಗ್ರೀಕರು ಇದನ್ನು ಮೇಯೋಟಿಸ್ ಕೆರೆ ಎಂದರು, ರೋಮನ್ನರು ಜೌಗು ಎಂದರು. ನಿಮ್ಮ ಅನುಮಾನಕ್ಕೆ ಎರಡು ಸಾವಿರ ವರ್ಷದ ಇತಿಹಾಸವಿದೆ!

ಈಶಾನ್ಯದ ಮೂಲೆಯಲ್ಲಿ, ರಷ್ಯನ್ ಕಥೆಗಾರ ಚೆಕಾಫ್ ಹುಟ್ಟಿದ ತಗನ್ರೋಗ್ ಊರಿನ ಮುಂದಿನ ಕೊಲ್ಲಿ ಇನ್ನೂ ತೆಳು. ಪೂರ್ವದ ಗಾಳಿ ಬಿಡದೆ ಬೀಸಿದರೆ ನೀರು ಪಶ್ಚಿಮಕ್ಕೆ ಸರಿದುಬಿಡುತ್ತದೆ. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಕೂರುತ್ತವೆ, ಜನ ಸಮುದ್ರದ ತಳದ ಮೇಲೆ ನಡೆದಾಡಿ ಬರುತ್ತಾರೆ. ಅಲ್ಲಿನವರು ಇದಕ್ಕೆ 'ಸ್ಗೋನ್' ಎನ್ನುತ್ತಾರೆ. ಗಾಳಿ ತಿರುಗಿದರೆ 'ನಗೋನ್', ನೀರು ದಡ ಹತ್ತುತ್ತದೆ.

ಈಗ ಕರಗುವ ಮಾತು. ಅಜೋವ್‌ನಲ್ಲಿರುವ ನೀರೆಲ್ಲ ಸೇರಿ ಸುಮಾರು ಹತ್ತು ಸಾವಿರ ಟಿಎಂಸಿ. ದೊಡ್ಡದೆನಿಸುತ್ತದೆ, ಆದರೆ ಇನ್ನೂರು ಕೆಆರ್‌ಎಸ್‌ಗೆ ಮುಗಿಯಿತು. ಅದು ಕಪ್ಪು ಸಮುದ್ರಕ್ಕೆ ಹೊರಹೋಗಲು ಇರುವುದು ಕೆರ್ಚ್ ಜಲಸಂಧಿ ಒಂದೇ. ಕಿರಿದಾದ ಕಡೆ ಅದರ ಅಗಲ ನಾಲ್ಕು ಕಿ.ಮೀ. ಕೂಡ ಇಲ್ಲ. ಆಳದ ಸಮುದ್ರದಲ್ಲಿ ತಳಕ್ಕಿಳಿದ ವಿಷ ತಳದಲ್ಲೇ ಹೂತುಹೋಗಬಹುದು. ಇಲ್ಲಿ ಜೋರು ಗಾಳಿಗೆ ಅಲೆ ತಳ ಮುಟ್ಟುತ್ತದೆ, ಕೆಸರಿನಲ್ಲಿ ಕೂತ ಲೋಹ, ಎಣ್ಣೆ ಎಲ್ಲ ಕದಡಿ ಮತ್ತೆ ಮೇಲೇಳುತ್ತವೆ.

ನೀವು ಭದ್ರಾವತಿಯವರು, ಕಿಟ್ಟ (ಅದಿರು ಕರಗಿಸಿದಾಗ ಉಳಿಯುವ ಕಸ) ಎಂದರೇನೆಂದು ನಿಮಗೆ ಹೇಳಬೇಕಿಲ್ಲ. ಉತ್ತರ ದಡದ ಮರಿಯುಪೋಲ್ ಊರಿನಲ್ಲಿ ಅಜೋವ್‌ಸ್ಟಾಲ್ ಉಕ್ಕಿನ ಕಾರ್ಖಾನೆ 1933ರಲ್ಲಿ ಮೊದಲ ಕಬ್ಬಿಣ ಕರಗಿಸಿತು. ಜಾಗ ಎಲ್ಲಿ ಅಂತೀರಿ? ಕಲ್ಮಿಯಸ್ ನದಿ ಕಡಲು ಸೇರುವ ಅಳಿವೆಯಲ್ಲೇ. ಕಿಟ್ಟವನ್ನು ಕಡಲಂಚಿನಲ್ಲೇ ಸುರಿದು ಸುರಿದು ಗುಡ್ಡವಾಯಿತು. ರಾತ್ರಿ ಕೆಂಡದಂಥ ಕಿಟ್ಟ ಸುರಿಯುವಾಗ ಆಕಾಶ ಕೆಂಪಾಗುವುದು ಊರಿನ ಹಲವು ತಲೆಮಾರುಗಳಿಗೆ ಮಾಮೂಲಿ ನೋಟವಾಗಿತ್ತು. ಸ್ವಲ್ಪ ಒಳಗೆ, 1897ರಲ್ಲಿ ಶುರುವಾದ ಇಲ್ಯಿಚ್ ಉಕ್ಕಿನ ಕಾರ್ಖಾನೆ. ಇದರ ಜೊತೆಗೆ ದೊನ್ಯೆತ್ಸ್ಕ್ ಗಣಿಗಳ ನೀರು, ಕುಬಾನ್ ಬಯಲಿನ ಭತ್ತದ ಗದ್ದೆಗಳ ಕೀಟನಾಶಕ.

ಆದರೂ ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುವಂಥದ್ದಿದೆ. ಕಾರ್ಖಾನೆಗಳೊಂದೇ ಈ ಸಮುದ್ರವನ್ನು ಕೆಡಿಸಲಿಲ್ಲ. ನನ್ನ ಪ್ರಕಾರ ದೊಡ್ಡ ಪೆಟ್ಟು ಕೊಟ್ಟದ್ದು ಅಣೆಕಟ್ಟು. ನಮ್ಮ ಲೇಖನ ಅದನ್ನು ಒಂದು ಸಾಲಿನಲ್ಲಿ ದಾಟಿಸಿತು, ಅದು ನಮ್ಮ ಕೊರತೆ. 1930ರ ದಶಕದ ಒಳ್ಳೆಯ ವರ್ಷದಲ್ಲಿ ಇಲ್ಲಿ ಸಿಗುತ್ತಿದ್ದ ಮೀನು ಹೆಚ್ಚುಕಡಿಮೆ ಮೂರು ಲಕ್ಷ ಟನ್. ಬಿಸಿಲು ತಳದವರೆಗೂ ಇಳಿಯುವಷ್ಟು ತೆಳು ನೀರು, ಡಾನ್ ಮತ್ತು ಕುಬಾನ್ ನದಿಗಳು ತರುವ ಮೆಕ್ಕಲು, ಸಾವಿರಕ್ಕೆ 10-11 ಭಾಗ ಉಪ್ಪು (ಸಾಗರದಲ್ಲಿ 35). ಇವೇ ಅದರ ಬಂಡವಾಳ. 1952ರಲ್ಲಿ ಡಾನ್‌ಗೆ ಸಿಮ್ಲ್ಯಾನ್ಸ್ಕ್ ಕಟ್ಟೆ ಬಿತ್ತು. ಮೊಟ್ಟೆಯಿಡಲು ನದಿ ಹತ್ತುತ್ತಿದ್ದ ಸ್ಟರ್ಜನ್ ಮೀನಿಗೆ ದಾರಿ ಮುಚ್ಚಿತು, ವಸಂತದ ನೆರೆ ನಿಂತಿತು. ಸಿಹಿನೀರು ಇಳಿದಷ್ಟೂ ಕಪ್ಪು ಸಮುದ್ರದ ಉಪ್ಪುನೀರು ಒಳನುಗ್ಗಿತು. 1970ರ ದಶಕದಲ್ಲಿ ಉಪ್ಪು 13 ದಾಟಿತು.

ಬೇಸಿಗೆಯಲ್ಲಿ ಗಾಳಿ ಸತ್ತ ದಿನಗಳಲ್ಲಿ ಏನಾಗುತ್ತದೆಂದು ಕೇಳಿ. ಗೊಬ್ಬರದ ನೀರಿಗೆ ಬೆಳೆದ ಪಾಚಿ ಕೊಳೆತು ತಳದ ಆಮ್ಲಜನಕ ಮುಗಿಯುತ್ತದೆ. ತಳದಲ್ಲೇ ಬದುಕುವ 'ಬಿಚೋಕ್' ಎಂಬ ಬೆರಳುದ್ದದ, ದಪ್ಪತಲೆಯ ಮೀನು ಉಸಿರಿಗಾಗಿ ದಡಕ್ಕೆ ಮುತ್ತುತ್ತದೆ. ಜನ ಬಲೆಯಿಲ್ಲದೆ ಬಕೆಟ್ಟಿನಲ್ಲೇ ತುಂಬಿಕೊಳ್ಳುತ್ತಾರೆ. ಅಲ್ಲಿ ಅದಕ್ಕೆ 'ಜಮೋರ್' ಎಂದು ಹೆಸರು, ಉಸಿರುಕಟ್ಟು ಎನ್ನಬಹುದು.

ಹಡಗುಗಳದ್ದು ಬೇರೆಯೇ ಕಥೆ. 2007ರ ನವೆಂಬರ್ 11ರ ಬಿರುಗಾಳಿಗೆ ಕೆರ್ಚ್‌ನಲ್ಲಿ ವೋಲ್ಗೊನೆಫ್ಟ್-139 ಎಂಬ ಟ್ಯಾಂಕರ್ ಎರಡು ತುಂಡಾಗಿ ಸಾವಿರ ಟನ್‌ಗೂ ಮಿಕ್ಕಿ ಉರುವಲೆಣ್ಣೆ ಸೋರಿತು. ಗಂಧಕ ಹೊತ್ತ ಹಡಗುಗಳೂ ಅದೇ ದಿನ ಮುಳುಗಿದವು. 2024ರ ಡಿಸೆಂಬರ್‌ನಲ್ಲಿ ಅದೇ ಜಲಸಂಧಿಯ ದಕ್ಷಿಣಕ್ಕೆ, ಅದೇ ಹೆಸರಿನ, ಬೇರೆ ನಂಬರಿನ ಇನ್ನೆರಡು ಹಳೆಯ ಟ್ಯಾಂಕರ್‌ಗಳಿಂದ ಎಣ್ಣೆ ಸೋರಿತು. ನದಿಗೆಂದು ಕಟ್ಟಿದ ಹಡಗನ್ನು ಚಳಿಗಾಲದ ಕಡಲಿಗೆ ಬಿಡುವುದಕ್ಕೆ ಧೈರ್ಯ ಎನ್ನುವುದಿಲ್ಲ.

ಅಜೋವ್‌ಸ್ಟಾಲ್ 2022ರ ಯುದ್ಧದಲ್ಲಿ ರಷ್ಯಾ ಹಾಕಿದ ಮುತ್ತಿಗೆಯಲ್ಲಿ ಪಾಳುಬಿತ್ತು. ಹೊಗೆ ನಿಂತಿದೆ, ಕಿಟ್ಟದ ಗುಡ್ಡ ಅಲ್ಲೇ ಇದೆ. ಈಚಿನ ವರ್ಷಗಳಲ್ಲಿ ಡಾನ್ ಸೊರಗಿ ಉಪ್ಪು 14 ದಾಟಿದೆ. ಬೇಸಿಗೆಯಲ್ಲಿ ಈಜಲು ಬಂದವರ ಕಾಲಿಗೆ ಸಿಗುವುದು ಮೀನಲ್ಲ, ಲೋಳೆಮೀನಿನ ಹಿಂಡು.

ಅಂದಹಾಗೆ, ಅದೇ ಲೇಖನದಲ್ಲಿ ನಿಜವಾದ ತಪ್ಪೊಂದಿತ್ತು, ನಿಮ್ಮ ಕಣ್ಣಿಗೆ ಅದು ಬಿದ್ದಿಲ್ಲ. ಕಲ್ಮಿಯಸ್ ನದಿಯನ್ನು ಡಾನ್‌ನ ಉಪನದಿ ಎಂದು ಅಚ್ಚು ಮಾಡಿದ್ದೆವು. ಅದು ನೇರ ಅಜೋವ್‌ಗೇ ಬೀಳುತ್ತದೆ. ತಿದ್ದಿಕೊಂಡು ಓದಿ.