ರಾಜಕೀಯ ಬೇರೆ, ಧರ್ಮ ಬೇರೆ ಅಂತ ಗಿರಾಕಿಯನ್ನು ವಾಪಸ್ ಕಳಿಸಬಹುದಾ?

ನಿಮ್ಮ ಪ್ರಶ್ನೆಯಲ್ಲಿ ಫೋಟೋ ಸ್ಟುಡಿಯೋ ಅಂತ ಇರುವ ಕಡೆ ಪ್ರಿಂಟಿಂಗ್ ಪ್ರೆಸ್ ಅಂತ ಹಾಕಿದರೆ ಸಾಕು, 2018ರಲ್ಲಿ ನಾನೇ ಬರೆದ ಹಾಗಿರುತ್ತದೆ. ನಿಮ್ಮ ಸ್ಟುಡಿಯೋಗೆ ಎದುರು ಪಾರ್ಟಿಯವರೊಬ್ಬರು, ಧರ್ಮವೂ ಬೇರೆ, ಮಗನ ರಿಸೆಪ್ಷನ್ ಫೋಟೋ ಆರ್ಡರ್ ತಂದಿದ್ದಾರೆ, ‘ಬೇಡ ಅನ್ನಬಹುದಾ, ನನ್ನ ಅಂಗಡಿ ನನ್ನಿಷ್ಟ ಅಲ್ವಾ’ ಅಂತ ಕೇಳಿದ್ದೀರಿ. ಕಾನೂನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕಥೆ ಕೇಳಿ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಚುನಾವಣೆ ಬಂದರೆ ಕರಪತ್ರ. ಚಾಮರಾಜಪೇಟೆಯ ಒಬ್ಬ ಸಾಹೇಬರು ಅಪ್ಪ ಇದ್ದಾಗಿನಿಂದ ಗಿರಾಕಿ. ಅವರ ಅಂಗಡಿಯ ಬಿಲ್ ಬುಕ್, ದೊಡ್ಡ ಮಗನ ಮದುವೆ ಕಾರ್ಡು ಎಲ್ಲಾ ನಮ್ಮಲ್ಲೇ. ಪಾರ್ಟಿ ಕೆಲಸಕ್ಕೂ ಓಡಾಡುತ್ತಿದ್ದರು. ನನ್ನ ಓಟು ಇನ್ನೊಂದು ಕಡೆಗೆ ಅಂತ ಅವರಿಗೂ ಗೊತ್ತಿತ್ತು. ಅದರಿಂದ ನಮಗೆ ಯಾವತ್ತೂ ತೊಂದರೆ ಆಗಿರಲಿಲ್ಲ.

ಆ ವರ್ಷ ವಿಧಾನಸಭೆಗೆ ಮೇ 12ಕ್ಕೆ ಮತದಾನ. ಅದಕ್ಕೂ ಮುಂಚೆ ಸಾಹೇಬರು ಒಂದು ಕರಪತ್ರದ ಮ್ಯಾಟರ್ ತಂದರು. ಎದುರಾಳಿ ಅಭ್ಯರ್ಥಿಯ ಮನೆಯವರ ಬಗ್ಗೆ ಹೊಲಸು ಮಾತು. ಕೆಳಗೆ ಪ್ರೆಸ್ ಹೆಸರು ಹಾಕಬೇಡ ಅಂದರು. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಚುನಾವಣಾ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮಾಡಿಸುವವರು ತಾವು ಯಾರು ಅಂತ ಡಿಕ್ಲರೇಷನ್ ಬರೆದು ಸಹಿ ಹಾಕಬೇಕು, ಅವರನ್ನು ಬಲ್ಲ ಇಬ್ಬರು ಅದಕ್ಕೆ ಸಹಿ ಹಾಕಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲಾ 2,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ನಾನು ಆಗಲ್ಲ ಅಂದೆ. ‘ನಿಮ್ಮ ಪಾರ್ಟಿಯದ್ದಾಗಿದ್ರೆ ನೀನು ಪ್ರಿಂಟ್ ಮಾಡ್ತಿದ್ದೆ ಬಿಡಪ್ಪಾ’ ಅಂತ ಬೈದು ಹೋದರು. ನಾನು ಮಾಡುತ್ತಿರಲಿಲ್ಲ. ಅಲ್ಲಿವರೆಗೆ ನನ್ನದು ಸರಿಯೇ ಇತ್ತು. ಇವತ್ತು ಆ ಮ್ಯಾಟರ್ ಯಾರೇ ತಂದರೂ ನನ್ನ ಉತ್ತರ ಅದೇ.

ತಪ್ಪಾಗಿದ್ದು ಆಮೇಲೆ. ಫಲಿತಾಂಶ ಬಂತು, ಯಾರಿಗೂ ಬಹುಮತ ಇಲ್ಲ. ಯಡಿಯೂರಪ್ಪನವರು ಬಂದು ಹೋಗಿ, ಕುಮಾರಸ್ವಾಮಿಯವರ ಪ್ರಮಾಣವಚನ ಮುಗಿಯುವ ಹೊತ್ತಿಗೆ ಪೇಟೆಯಲ್ಲಿ ಟೀ ಕುಡಿಯುವ ಕಡೆಯೆಲ್ಲಾ ಜಗಳ. ನನಗೂ ತಲೆ ಬಿಸಿ ಇತ್ತು. ರಂಜಾನ್ ಉಪವಾಸ ನಡೆಯುತ್ತಿತ್ತು. ಅಂಥದ್ದರಲ್ಲಿ ಒಂದು ಮಧ್ಯಾಹ್ನ ಸಾಹೇಬರು ಹೆಂಡತಿ, ಮಗಳನ್ನು ಕರೆದುಕೊಂಡು ಬಂದರು. ಹಬ್ಬ ಆದ ಮೇಲೆ ಮಗಳ ನಿಕಾಹ್, ಕಾರ್ಡು ಮಾಡಿಸಬೇಕು ಅಂದರು. ಕರಪತ್ರದ ವಿಷಯ ಎತ್ತಲೇ ಇಲ್ಲ.

ಹುಡುಗಿ ಸ್ಯಾಂಪಲ್ ಆಲ್ಬಮ್ ತೆಗೆದು ನೋಡುತ್ತಿದ್ದಳು. ಸುತ್ತ ಗೋಲ್ಡ್ ಫಾಯಿಲ್ ಬಳ್ಳಿ ಇರುವ ಒಂದು ಮರೂನ್ ಕಾರ್ಡಿನ ಮೇಲೆ ಬೆರಳಿಟ್ಟು ಅಮ್ಮನಿಗೆ ತೋರಿಸಿದಳು. ನಾನು ಮೊದಲು ‘ಕೆಲಸ ಜಾಸ್ತಿ ಇದೆ’ ಅಂದೆ. ‘ಒಂದು ವಾರ ತಡವಾದರೂ ಪರವಾಗಿಲ್ಲ’ ಅಂದರು. ಆಗ ನನ್ನ ಬಾಯಿಂದ ಬಂತು: ‘ನಿಮ್ಮ ಪಾರ್ಟಿ ಆಫೀಸಲ್ಲೇ ಮಾಡಿಸ್ಕೊಳ್ಳಿ ಸಾಹೇಬ್ರೇ.’ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ನಮ್ಮ ಹುಡುಗರಿದ್ದರು. ಯಾರೂ ಮಾತಾಡಲಿಲ್ಲ. ಹುಡುಗಿ ಆಲ್ಬಮ್ ಮುಚ್ಚಿ, ಎಲ್ಲಿಂದ ತೆಗೆದಿದ್ದಳೋ ಅಲ್ಲೇ ನೀಟಾಗಿ ಇಟ್ಟಳು. ಮೂವರೂ ಹೊರಟು ಹೋದರು.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ. ಕರಪತ್ರ ಬೇಡ ಅಂದಾಗ ನಾನು ಕೆಲಸವನ್ನು ನೋಡಿ ಬೇಡ ಅಂದಿದ್ದೆ. ಕಾರ್ಡು ಬೇಡ ಅಂದಾಗ ಮನುಷ್ಯರನ್ನು ನೋಡಿ ಬೇಡ ಅಂದೆ. ಆ ಕಾರ್ಡಿನಲ್ಲಿ ಏನಿತ್ತು? ಹುಡುಗ ಹುಡುಗಿ ಹೆಸರು, ತಾರೀಕು, ಶಾದಿ ಮಹಲ್ ವಿಳಾಸ. ಅದರಲ್ಲಿ ಪಾರ್ಟಿ ಎಲ್ಲಿತ್ತು? ಅಪ್ಪನ ಮೇಲಿನ ಸಿಟ್ಟನ್ನು ಮಗಳ ಮದುವೆ ಮೇಲೆ ತೀರಿಸಿಕೊಂಡೆ. ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆದಿದ್ದು, ಇದೇ ಜಾಸ್ತಿ ಕಾಡಿದ್ದು. ಅದೇ ಪಾರ್ಟಿಯ ನಮ್ಮ ಜಾತಿಯವರೊಬ್ಬರ ಗೃಹಪ್ರವೇಶದ ಪತ್ರಿಕೆ ಆಗ ನನ್ನ ಮೆಷಿನ್ ಮೇಲೇ ಇತ್ತು. ಅವರಿಗೆ ಯಾಕೆ ಬೇಡ ಅನ್ನಲಿಲ್ಲ? ರಾಜಕೀಯ ಅಂತ ನಾನು ಅಂದುಕೊಂಡಿದ್ದು ಬರೀ ರಾಜಕೀಯ ಆಗಿರಲಿಲ್ಲ.

ಸುಲ್ತಾನ್‌ಪೇಟೆಯಲ್ಲಿ ಒಂದು ಕಾರ್ಡು ಒಬ್ಬರ ಕೈಯಲ್ಲಿ ಆಗುವುದಿಲ್ಲ. ಪ್ರಿಂಟ್ ನಮ್ಮದು, ಫಾಯಿಲ್ ಒಬ್ಬರದು, ಡೈ ಕಟಿಂಗ್ ಇನ್ನೊಬ್ಬರದು, ಉರ್ದು ಅಕ್ಷರ ಕೂಡಿಸುವ ಡಿಟಿಪಿ ಮತ್ತೊಬ್ಬರದು. ನಮಗೆ ಉರ್ದು ಮಾಡಿಕೊಡುತ್ತಿದ್ದ ಭಾಯ್‌ಗೆ ಸಂಜೆಯೊಳಗೆ ವಿಷಯ ಗೊತ್ತಾಗಿತ್ತು. ಮುಂದಿನ ಮ್ಯಾಟರ್ ಕಳಿಸಿದರೆ ‘ಅಣ್ಣಾ, ಕೆಲಸ ಜಾಸ್ತಿ ಇದೆ’ ಅಂದರು. ನಾನು ಹೇಳಿದ ಅದೇ ಸುಳ್ಳು! ಶಿವಾಜಿನಗರ, ಟ್ಯಾನರಿ ರೋಡ್, ಮೈಸೂರು ರಸ್ತೆ ಕಡೆಯಿಂದ ಬರುತ್ತಿದ್ದ ನಿಕಾಹ್ ಕಾರ್ಡಿನ ಆರ್ಡರ್ ಒಂದೊಂದಾಗಿ ನಿಂತವು. ಆ ಹಬ್ಬದ ಸೀಸನ್ ಪೂರ್ತಿ ಕೈಬಿಟ್ಟಿತು. ಫಾಯಿಲ್‌ನವರು ಸಾಲ ಕೊಡುವುದನ್ನು ನಿಲ್ಲಿಸಿದರು. ಒಂದು ಮೆಷಿನ್ ಮಾರಿ ಸಂಬಳ ಕೊಟ್ಟೆ. ಭಾಯ್ ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅವರು ಬೇಡ ಅಂದಿದ್ದು ನನ್ನ ಧರ್ಮಕ್ಕಲ್ಲ, ನಾನು ನಡೆದುಕೊಂಡ ರೀತಿಗೆ.

ಈಗ ಕಾನೂನು. ಒಬ್ಬ ಪರಿಚಯದ ವಕೀಲರು ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದ್ದು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲುಗಳ ಬಗ್ಗೆಯೇ ಇದೆ. ಬರೀ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ಅಂಗಡಿ ಅಂದರೆ ಏನು ಅಂತ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲೇ ಚರ್ಚೆ ಆಗಿತ್ತು. ಅಂಬೇಡ್ಕರ್ ಅವರು ಸ್ಪಷ್ಟವಾಗಿ ಹೇಳಿದರು: ಸುಮ್ನೆ ಒಳಗೆ ಬಿಡುವುದಷ್ಟೇ ಅಲ್ಲ, ಷರತ್ತಿಗೆ ಒಪ್ಪಿ ಬಂದವರಿಗೆ ಸೇವೆ ಕೊಡಬೇಕು ಅಂತಲೂ ಅರ್ಥ. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಪದವನ್ನು ಹೀಗೇ ವಿಶಾಲವಾಗಿ ಓದಿತು. ಅಂದಮೇಲೆ ನಿಮ್ಮ ಸ್ಟುಡಿಯೋ ಕೂಡ ಅಂಗಡಿಯೇ. ಅಸ್ಪೃಶ್ಯತೆಯ ಕಾರಣಕ್ಕೆ ಬೇಡ ಅಂದರಂತೂ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ನೇರ ಜೈಲೇ ಇದೆ.

15(2)ರ ಪಟ್ಟಿಯಲ್ಲಿ ಪಾರ್ಟಿ ಇಲ್ಲ, ನಿಜ. ಹಾಗಂತ ಬಚಾವಾದೆ ಅಂದುಕೊಳ್ಳಬೇಡಿ. ಅದರಲ್ಲಿ ಪಂಚೆಯೂ ಇಲ್ಲ. ಆದರೂ 2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಂತ ಮಾಗಡಿ ರಸ್ತೆಯ ಮಾಲ್ ಒಂದನ್ನು ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತಲ್ಲ. ಮೇಲಾಗಿ ನಿಮ್ಮ ಗಿರಾಕಿಯ ಧರ್ಮವೂ ಬೇರೆ ಅಂತ ನೀವೇ ಬರೆದಿದ್ದೀರಿ. ನಾಳೆ ‘ಇಲ್ಲ, ಬರೀ ರಾಜಕೀಯದ ಕಾರಣ’ ಅಂದರೆ ಯಾರು ನಂಬುತ್ತಾರೆ? ನಿಮ್ಮನ್ನು ನೀವೇ ನಂಬುತ್ತೀರಾ?

ಸಲಿಂಗ ಜೋಡಿಯ ಮದುವೆಗೆ ಕೇಕ್ ಮಾಡಲ್ಲ ಅಂದ ಅಮೆರಿಕದ ಕೇಕ್ ಅಂಗಡಿಯವರು 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು ಅಂತ ಬರೆದಿದ್ದೀರಿ. ಅವರು ಗೆದ್ದಿದ್ದು ಕೊಲೊರಾಡೋ ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಅವರ ಧರ್ಮದ ಬಗ್ಗೆ ಪಕ್ಷಪಾತ ತೋರಿಸಿತು ಅನ್ನುವ ಕಾರಣಕ್ಕೆ. ಅಂಗಡಿಯವರು ಯಾರಿಗೆ ಬೇಕಾದರೂ ಬೇಡ ಅನ್ನಬಹುದು ಅಂತ ಕೋರ್ಟ್ ಹೇಳಲಿಲ್ಲ. ಅದೇ ವರ್ಷ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಬೆಲ್‌ಫಾಸ್ಟ್‌ನ ಬೇಕರಿಯದ್ದೊಂದು ತೀರ್ಪು ಬಂತು, ಓದುವುದಾದರೆ ಅದನ್ನು ಓದಿ. ಸಲಿಂಗ ವಿವಾಹ ಬೆಂಬಲಿಸಿ ಅಂತ ಕೇಕ್ ಮೇಲೆ ಬರೆಯಲು ಬೇಕರಿಯವರು ಒಪ್ಪಲಿಲ್ಲ. ಆ ಸಂದೇಶ ಬರೆಯಿರಿ ಅಂತ ಬಲವಂತ ಮಾಡುವ ಹಾಗಿಲ್ಲ ಅಂದಿತು ಕೋರ್ಟ್. ಅವರು ಬೇಡ ಅಂದಿದ್ದು ಸಂದೇಶವನ್ನು, ಗಿರಾಕಿಯನ್ನಲ್ಲ. ಅಂದರೆ ನನ್ನ ಕರಪತ್ರಕ್ಕೂ ಕಾರ್ಡಿಗೂ ಇದ್ದ ವ್ಯತ್ಯಾಸವೇ.

ಹಾಗಾಗಿ ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಿರಾಕಿಯ ವಿಚಾರ ನನಗೆ ಆಗಿಬರುತ್ತಾ ಅಂತ ಕೇಳಿಕೊಳ್ಳಬೇಡಿ. ಈ ಕೆಲಸವನ್ನು ಬೇರೆ ಯಾರು ತಂದಿದ್ದರೂ ಮಾಡುತ್ತಿದ್ದೆನಾ ಅಂತ ಕೇಳಿಕೊಳ್ಳಿ. ಪಾರ್ಟಿ ರ‍್ಯಾಲಿಗೆ ಪ್ರಚಾರದ ವಿಡಿಯೋ ಮಾಡಿಕೊಡಿ ಅಂದರೆ ಬೇಡ ಅನ್ನಿ. ಎಲ್ಲಾ ಪಾರ್ಟಿಗೂ ಬೇಡ ಅನ್ನಿ, ಅದನ್ನು ಬರೆದು ಗೋಡೆಗೆ ಅಂಟಿಸಿ. ‘ಡಿಕ್ಲರೇಷನ್ ಇಲ್ಲದೆ ಚುನಾವಣಾ ಕೆಲಸ ಇಲ್ಲ, ಯಾರನ್ನೂ ಬೈಯುವ ಮ್ಯಾಟರ್ ಇಲ್ಲ’ ಅಂತ ನಮ್ಮ ಕೌಂಟರ್ ಮೇಲೆ ಈಗ ಬೋರ್ಡಿದೆ. ಅದನ್ನು ಹಾಕಿದ ಮೇಲೆ ಜಗಳ ನಿಂತಿದೆ. ರಿಸೆಪ್ಷನ್ ಫೋಟೋಗೆ ಮಾತ್ರ ಇದು ಯಾವುದೂ ಅನ್ವಯಿಸುವುದಿಲ್ಲ.

ಸೋಮವಾರ ಅವರು ಉತ್ತರ ಕೇಳಲು ಬರುತ್ತಾರೆ ಅಂದಿದ್ದೀರಿ. ಬೇರೆಯವರಿಗೆ ಹೇಳುವ ರೇಟನ್ನೇ ಹೇಳಿ, ಒಂದು ರೂಪಾಯಿ ಜಾಸ್ತಿ ಬೇಡ. ಅಡ್ವಾನ್ಸ್ ತಗೊಂಡು ರಸೀದಿ ಕೊಡಿ. ವಾಟ್ಸಾಪ್ ಗ್ರೂಪಿನಲ್ಲಿ ಅವರ ಜೊತೆ ವಾದ ಮಾಡಬೇಕು ಅನ್ನಿಸಿದರೆ ಧಾರಾಳವಾಗಿ ಮಾಡಿ, ಅಂಗಡಿಯಲ್ಲಿ ಬೇಡ. ರಿಸೆಪ್ಷನ್ ದಿನ ಒಳ್ಳೆ ಹುಡುಗರನ್ನೇ ಕಳಿಸಿ.