ಪಿಯುಸಿಯಲ್ಲಿ ಕಾಮರ್ಸ್ ಓದಿದವರು ಬಿಸಿಎ ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಬಹುದೇ?

ಖಂಡಿತ ಹೋಗಬಹುದು. ಸಿಇಟಿ ಬರೆದು ಎಂಜಿನಿಯರಿಂಗ್ ಸೇರಲು ಭೌತಶಾಸ್ತ್ರ, ಗಣಿತ ಬೇಕು. ಬಿಸಿಎಗೆ ಎಷ್ಟೋ ಕಾಲೇಜುಗಳು ಕಾಮರ್ಸ್‌ನವರನ್ನೂ ಸೇರಿಸಿಕೊಳ್ಳುತ್ತವೆ. ಸಿ, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗಳು, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್ ಎಲ್ಲ ಅಲ್ಲಿ ಬರುತ್ತವೆ. ಡೇಟಾ ಸ್ಟ್ರಕ್ಚರ್, ಅಂದರೆ ಪ್ರೋಗ್ರಾಮಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ವಿಧಾನಗಳ ವಿಷಯ, ಅದನ್ನು ಮಾತ್ರ ಸುಮ್ನೆ ಪಾಸಾಗಲು ಓದಬೇಡಿ. ಇಂಟರ್‌ವ್ಯೂನಲ್ಲಿ ಅದನ್ನು ಜಾಸ್ತಿ ಕೇಳುತ್ತಾರೆ. ಲಿಂಕ್ಡ್ ಲಿಸ್ಟ್, ಟ್ರೀ ಅಂಥ ವಿಧಾನಗಳ ಕೋಡ್ ನೀವೇ ಬರೆಯಿರಿ. ಓಡದಿದ್ದರೆ ತಪ್ಪು ಹುಡುಕಿ ಸರಿ ಮಾಡಿ. ನಿಜವಾದ ಕಲಿಕೆ ಆಗುವುದು ಅಲ್ಲೇ.

ಮೊದಲ ಕೆಲಸ ಟೆಸ್ಟಿಂಗ್ (ಸಾಫ್ಟ್‌ವೇರ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು), ಸಪೋರ್ಟ್ ಅಥವಾ ವೆಬ್ ಡೆವಲಪ್‌ಮೆಂಟ್‌ನಲ್ಲಿ ಸಿಗಬಹುದು. ಟೆಸ್ಟಿಂಗ್ ಅಂದರೆ ಕಡಿಮೆ ಅಂತ ಬಿಡಬೇಡಿ, ಇಡೀ ಸಾಫ್ಟ್‌ವೇರ್ ಅರ್ಥವಾಗುವ ಜಾಗ ಅದು. ಬೆಂಗಳೂರಿನ ವಿಪ್ರೋ ತನ್ನ ವಿಲ್ಪ್ ಯೋಜನೆಯಲ್ಲಿ ಬಿಸಿಎ, ಬಿಎಸ್ಸಿ ಮಾಡಿದವರನ್ನು ಕೆಲಸಕ್ಕೆ ಸೇರಿಸಿಕೊಂಡು, ಜೊತೆಗೇ ಎಂ.ಟೆಕ್ ಓದಿಸುತ್ತದೆ. ಪಿಜಿಸಿಇಟಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದು 2 ವರ್ಷದ ಎಂಸಿಎ ಮಾಡುವ ಆಸೆ ಇದ್ದರೆ, ಗಣಿತ ಓದಿರಬೇಕೇ ಎಂಬ ನಿಯಮ ಈಗಲೇ ನೋಡಿಕೊಳ್ಳಿ.