ಎತ್ತು ನಮ್ಮದು, ಓಲೆ ಆಚೆಯದು

"ಬೀದರ್‌ನಲ್ಲಿ ಕನ್ನಡ ನಡೆಯುತ್ತದಾ" ಅಂತ ಕೇಳಿದೆಯಲ್ಲ, ನಡೆಯುತ್ತದೆ ದೋಸ್ತ. ಎಮ್ಮೆ ಹಿಡಿದು ಬಂದವರು ಮರಾಠಿಯಲ್ಲಿ ಶುರು ಮಾಡಿ, ದಖ್ಖನಿ ಉರ್ದುವಿನಲ್ಲಿ ಎಮ್ಮೆಗೆ ಬೈದು, ಕನ್ನಡದಲ್ಲಿ ಮಾತು ಮುಗಿಸುತ್ತಾರೆ. ಎಮ್ಮೆಗೆ ಇದರಿಂದ ಇಲ್ಲಿಯವರೆಗೆ ಏನೂ ತೊಂದರೆ ಆಗಿಲ್ಲ. ಇನ್ನು, "ಆ ಒಣ ಜಿಲ್ಲೆಯಲ್ಲಿ ದನದ ಇನ್‌ಸ್ಪೆಕ್ಟರ್‌ಗೆ ಏನಪ್ಪಾ ಕೆಲಸ, ಬೆಂಗಳೂರು ಕಡೆ ವರ್ಗ ಮಾಡಿಸ್ಕೊಂಡು ಬಾ" ಅಂದೆಯಲ್ಲ, ಅದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ನನ್ನ ಹುದ್ದೆ ಹಿರಿಯ ಪಶುವೈದ್ಯ ಪರೀಕ್ಷಕ. ಜನ ಡಾಕ್ಟರ್ ಸಾಬ್ ಅಂತಾರೆ. ನಾನು ಡಾಕ್ಟರ್ ಅಲ್ಲ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಪ್ರಕಾರ ನಮ್ಮಂಥವರು ಪಶುವೈದ್ಯರ ಉಸ್ತುವಾರಿಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ಮಾಡಬಹುದು, ಅಷ್ಟೇ. ಆದರೆ ನಡುರಾತ್ರಿ ಆಕಳು ಈಯಲಾರದೆ ಒದ್ದಾಡುವಾಗ ಬಾಗಿಲು ಬಡಿಯುವವರು ಕಾಯ್ದೆ ಓದಿಕೊಂಡು ಬರುವುದಿಲ್ಲ. ಹೊಟ್ಟೆ ಉಬ್ಬರ, ಕೆಚ್ಚಲು ಬಾವು, ಜಂತಿನ ಔಷಧ, ಇವೆಲ್ಲ ಎಲ್ಲ ಕಡೆಯೂ ಇರುವ ಕೆಲಸ. ಅದನ್ನು ಬಿಡು.

ನನ್ನ ಜೀವ ತಿನ್ನುವುದು ಕಿವಿಯೋಲೆ.

ದನದ ಕಿವಿಯಲ್ಲಿ ಹಳದಿ ಬಿಲ್ಲೆ ನೋಡಿರಬೇಕು ನೀನು. ಅದರ ಮೇಲೆ 12 ಅಂಕಿಯ ನಂಬರ್ ಇರುತ್ತದೆ. ಮನುಷ್ಯರಿಗೆ ಆಧಾರ್ ಇದ್ದ ಹಾಗೆ. 2019ರಲ್ಲಿ ಕಾಲುಬಾಯಿ ಬೇನೆ ಮತ್ತು ದನ ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗ ತಡೆಯಲು ದೇಶಕ್ಕೆಲ್ಲ ಒಂದೇ ಲಸಿಕೆ ಕಾರ್ಯಕ್ರಮ ಶುರುವಾಯಿತು. ಆಮೇಲೆ ಯಾವ ದನಕ್ಕೆ ಯಾವಾಗ ಲಸಿಕೆ ಹಾಕಿದೆವು ಅನ್ನುವುದನ್ನು ಈ ನಂಬರ್ ಮೇಲೆ ಆ್ಯಪ್‌ನಲ್ಲಿ ತುಂಬಬೇಕು. ಒಳ್ಳೆಯ ವ್ಯವಸ್ಥೆಯೇ, ಸುಳ್ಳು ಹೇಳುವುದಿಲ್ಲ. ದನ ಹುಟ್ಟಿದ ಊರಲ್ಲೇ ಇದ್ದರೆ.

ನಮ್ಮಲ್ಲಿ ಇರುವುದಿಲ್ಲ. ನಮ್ಮ ಜಿಲ್ಲೆಯ ಔರಾದ, ಕಮಲನಗರ, ಭಾಲ್ಕಿ ಕಡೆಯವರು ಎತ್ತು ತರುವುದು ಮಹಾರಾಷ್ಟ್ರದ ಉದಗೀರ ಕಡೆಯ ಸಂತೆಯಿಂದ. ಬೀದರ್ ಪಕ್ಕದ ಹಳ್ಳಿಯವರಿಗೆ ತೆಲಂಗಾಣದ ಜಹೀರಾಬಾದ್ ಹತ್ತಿರ. ಎತ್ತು ಬಂತು, ದುಡ್ಡು ಕೊಟ್ಟಾಯಿತು, ಅರಿಶಿನ ಕುಂಕುಮ ಹಚ್ಚಿ ಕೊಟ್ಟಿಗೆಗೂ ಕಟ್ಟಿದರು. ನಂಬರ್ ಮಾತ್ರ ಆಚೆ ಊರಿನವನ ಹೆಸರಲ್ಲೇ ಇರುತ್ತದೆ. ಒಡೆತನ ಬದಲಾಯಿಸಲು ಹೋದರೆ ಒಟಿಪಿ ಹಳೇ ಮಾಲೀಕನ ಮೊಬೈಲಿಗೆ. ಅವನು ಮಾರಿ ಕೈ ತೊಳೆದುಕೊಂಡವನು, ಫೋನ್ ಎತ್ತುವುದಿಲ್ಲ. ಎತ್ತಿದರೂ, ಒಟಿಪಿ ಹೇಳಿದರೆ ಬ್ಯಾಂಕ್ ದುಡ್ಡು ಹೋಗುತ್ತದೆ ಅಂತ ಮಗ ಹೇಳಿರುತ್ತಾನೆ. ಮಗ ಹೇಳುವುದೂ ಸರಿಯೇ ಅಲ್ವಾ? ಕೆಲವು ದಲ್ಲಾಳಿಗಳು ಈ ರಗಳೆಯೇ ಬೇಡ ಅಂತ ಸಂತೆಯಲ್ಲೇ ಓಲೆ ಕತ್ತರಿಸಿ ಕೊಡುತ್ತಾರೆ. ಆಗ ನಾನು ಹೊಸ ಓಲೆ ಹಾಕಬೇಕು. ದಾಖಲೆಯಲ್ಲಿ ಒಂದೇ ಎತ್ತು ಎರಡಾಗುತ್ತದೆ, ಒಂದು ಅಲ್ಲಿ, ಒಂದು ಇಲ್ಲಿ.

ಸಂತೆಯದ್ದಾದರೂ ಪರವಾಗಿಲ್ಲ, ತವರಿನ ಆಕಳು ಇನ್ನೂ ಕಷ್ಟ. ಇಲ್ಲಿ ಹೆಣ್ಣು ಕೊಡುವುದು ತರುವುದು ಗಡಿ ನೋಡಿಕೊಂಡು ಅಲ್ಲ. ಬಾಣಂತನ ಮುಗಿಸಿ ಹೊರಟ ತಂಗಿಗೆ ಅಣ್ಣ ಒಂದು ಆಕಳು ಹೊಡೆದು ಕಳಿಸುತ್ತಾನೆ. "ನಮ್ಮಣ್ಣ ಕೊಟ್ಟಾನ್ರೀ ಸಾಹೇಬ್ರ, ಇದಕ್ಕೆಲ್ಲ ಚೀಟಿ ಬರಸ್ಕೋತಾರೇನು?" ಅಂತ ಆ ಅಕ್ಕ ಕೇಳಿದರೆ ನಾನು ಏನು ಹೇಳಲಿ?

ನೀನು ಇದನ್ನು ಗಡಿ ಸಮಸ್ಯೆ ಅಂತೀಯ. ಈ ಗಡಿ ಬಂದದ್ದೇ 1956ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಉದಗೀರ, ನಿಲಂಗಾ, ಅಹ್ಮದಪುರ ಎಲ್ಲ ಬೀದರ್ ಜಿಲ್ಲೆಯೇ. ಈಗ ತೆಲಂಗಾಣದಲ್ಲಿರುವ ನಾರಾಯಣಖೇಡವೂ ನಮ್ಮದೇ. ನಮ್ಮ ಹೆಮ್ಮೆಯ ದೇವಣಿ ತಳಿ ಇದೆಯಲ್ಲ, ಬಿಳಿ ಮೈ, ಕರಿ ಮಚ್ಚೆ, ಜೋತುಬಿದ್ದ ಕಿವಿ, ಹಾಲಿಗೂ ಸೈ ಉಳುಮೆಗೂ ಸೈ, ಅದಕ್ಕೆ ಹೆಸರು ಕೊಟ್ಟ ಊರು ಈಗ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದೆ. ಕಾರಹುಣ್ಣಿಮೆಗೆ ಎತ್ತು ಸಿಂಗರಿಸುವವರೂ ಇಲ್ಲಿದ್ದಾರೆ, ಶ್ರಾವಣ ಅಮಾವಾಸ್ಯೆಯ ಮರಾಠಿ ಹಬ್ಬ ಪೋಳಾಕ್ಕೆ ಸಿಂಗರಿಸುವವರೂ ಇದ್ದಾರೆ. ಎರಡಕ್ಕೂ ಸಿಂಗರಿಸುವ ಮನೆಗಳೂ ಉಂಟು. ಹಾಗಂತ ನಾವು ಅರ್ಧ ಕನ್ನಡಿಗರು ಅಂತ ತಿಳಿಯಬೇಡ. ನಿಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೂಡ ನಡೆಯುವುದು ಬೀದರ್‌ನ ವಿಶ್ವವಿದ್ಯಾಲಯದ ಅಡಿಯಲ್ಲೇ. ಸುಮ್ನೆ ನೆನಪಿಸಿದೆ.

ಓಲೆಯ ವಿಷಯ ಬರೀ ಪುಸ್ತಕದ ಲೆಕ್ಕ ಅಂದುಕೊಂಡಿದ್ದರೆ 2022 ನೆನಪಿಸಿಕೋ. ಚರ್ಮಗಂಟು ರೋಗ ಬಂತು. ದನಗಳ ಮೈತುಂಬ ಗಂಟು, ಜ್ವರ, ಕಾಲು ಬಾವು. ಸತ್ತವಕ್ಕೆ ನಮ್ಮ ಸರ್ಕಾರ ಪರಿಹಾರ ಘೋಷಿಸಿತು: ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ. ಮಹಾರಾಷ್ಟ್ರದಲ್ಲಿ ಆಕಳಿಗೆ 30,000, ಎತ್ತಿಗೆ 25,000, ಕರುವಿಗೆ 16,000. ನಡುವೆ ಇರುವುದು ಒಂದು ಹೊಲದ ಬದು. "ಆಕಳ ಆಕಡೆ ಸಾಯ್ಬೇಕ್ರಿ, ಎತ್ತ ಈಕಡೆ ಸಾಯ್ಬೇಕು" ಅಂದ ಒಬ್ಬ ಕಾಕಾ. ಅವನ ಕೊಟ್ಟಿಗೆಯಲ್ಲಿ ಸತ್ತದ್ದು ಎತ್ತೇ. ಆದರೆ ಓಲೆ ಆಚೆಯದು. ಇಲ್ಲಿನ ಕಚೇರಿಯವರು ಅಲ್ಲಿ ಕೇಳು ಅಂದರು, ಅಲ್ಲಿಯವರು ಎತ್ತು ಸತ್ತದ್ದು ಎಲ್ಲಿ ಅಂದರು. ಇಬ್ಬರೂ ನಿಯಮದ ಪ್ರಕಾರ ಸರಿ. ಕಾಕಾ ಮಾತ್ರ ಸಾಲ ಮಾಡಿ ಇನ್ನೊಂದು ಎತ್ತು ತಂದ. ಎಲ್ಲಿಂದ ಅಂತ ನೀನೇ ಊಹಿಸು.

ಲಾರಿಯ ಜಗಳ ಬೇರೆ. ಸರಕು ಲಾರಿಯಲ್ಲಿ ಆರಕ್ಕಿಂತ ಜಾಸ್ತಿ ದನ ತುಂಬುವಂತಿಲ್ಲ, ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರ ಸರ್ಟಿಫಿಕೇಟ್ ಇರಬೇಕು, ಇದು 1978ರಿಂದ ಇರುವ ನಿಯಮ. ಸಹಿ ಮಾಡುವ ಅಧಿಕಾರ ನನಗಿಲ್ಲ, ಬೈಗುಳ ತಿನ್ನುವ ಅಧಿಕಾರ ಇದೆ.

ಇದೆಲ್ಲ ಸಹಿಸಬಹುದು. ನನಗೆ ನಿಜಕ್ಕೂ ಸಿಟ್ಟು ಬರುವುದು ಲಸಿಕೆಯ ತಾರೀಖಿಗೆ. ಕಾಲುಬಾಯಿ ಲಸಿಕೆಯ ಬಲ ಹೆಚ್ಚೂಕಡಿಮೆ ಆರು ತಿಂಗಳು. ಅದಕ್ಕೇ ವರ್ಷಕ್ಕೆ ಎರಡು ಸಲ ಹಾಕುತ್ತೇವೆ. ನಾವು ಮನೆಮನೆ ತಿರುಗಿ ಮುಗಿಸಿರುತ್ತೇವೆ, ಆಚೆ ಊರಲ್ಲಿ ಇನ್ನೂ ಶುರುವಾಗಿರುವುದಿಲ್ಲ. ಕೆಲವು ಸಲ ಅವರು ಮೊದಲು, ನಾವು ಹಿಂದೆ. ದನ ನೀರು ಕುಡಿಯುವುದು ಒಂದೇ ಮಾಂಜ್ರಾ ಹೊಳೆಯಲ್ಲಿ, ಮೇಯುವುದು ಒಂದೇ ದಂಡೆಯಲ್ಲಿ. ಸುಗ್ಗಿ ಮುಗಿದ ಮೇಲೆ ಕುರಿ ಮಂದೆಗಳು ಮೂರು ರಾಜ್ಯ ಸುತ್ತಿಕೊಂಡು ನಮ್ಮ ಹೊಲಗಳಲ್ಲಿ ತಂಗುತ್ತವೆ. ಗಡಿಯ ಊರುಗಳಿಗಾದರೂ ಮೂರೂ ಕಡೆ ಒಂದೇ ವಾರ ಲಸಿಕೆ ಹಾಕಿ, ಓಲೆ ಯಾವ ರಾಜ್ಯದ್ದಿದ್ದರೂ ದನ ಎಲ್ಲಿ ಕಟ್ಟಿದೆಯೋ ಅಲ್ಲೇ ಲೆಕ್ಕ ಹಿಡಿಯಿರಿ ಅಂತ ಸಭೆಯಲ್ಲಿ ಹೇಳುತ್ತೇನೆ. ಬರೆದುಕೊಳ್ಳುತ್ತಾರೆ. ಮುಂದಿನ ಸಭೆಯಲ್ಲಿ ಹೊಸ ಸಾಹೇಬರು ಬಂದಿರುತ್ತಾರೆ, ಅವರೂ ಬರೆದುಕೊಳ್ಳುತ್ತಾರೆ.

ವರ್ಗಾವಣೆ ಬೇಡ ದೋಸ್ತ. ನಿನಗೆ ಅಲ್ಲಿ ಯಾರಾದರೂ ದೊಡ್ಡವರ ಪರಿಚಯ ಇದ್ದರೆ ಈ ತಾರೀಖಿನ ವಿಷಯ ಅವರ ಕಿವಿಗೆ ಹಾಕು.